ಸಂಗಮದಲ್ಲಿ ಕೊಟ್ಟ ಟ್ಯಾಂಕಿನ ಮಾತು

ತುಷಾರ ಕಾಕಾನ ಹತ್ತನೇ ದಿನ ಗಾಣಗಾಪುರದ ಸಂಗಮದಲ್ಲಿ ಕಾಗೆಗಳಿಗೆ ಬರವಿರಲಿಲ್ಲ. ಮರಳಿನ ಮೇಲೆ ಇದ್ದವು, ಅತ್ತಿಮರದ ಮೇಲೆ ಇದ್ದವು, ಆಚಾರ್ಯರ ಸ್ಕೂಟರಿನ ಕನ್ನಡಿಯ ಮೇಲೂ ಒಂದು ಕೂತು ತನ್ನ ಮುಖ ನೋಡಿಕೊಳ್ಳುತ್ತಿತ್ತು. ಪಕ್ಕದ ಮಂದಿ ಪಿಂಡ ಇಟ್ಟ ಕೈ ಹಿಂದಕ್ಕೆಳೆಯುವುದರೊಳಗೆ ಅದನ್ನು ಎತ್ತಿಕೊಂಡು ಹೋಗುತ್ತಿದ್ದವು. ನಮ್ಮ ಪಿಂಡದ ಹತ್ತಿರ ಮಾತ್ರ ಒಂದೂ ಸುಳಿಯಲಿಲ್ಲ.

ಕಾಗೆ ಪಿಂಡ ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಆ ಆಸೆ ಯಾವುದೆಂದು ಊಹಿಸಿ, ಪೂರೈಸುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಊಹೆ ಸರಿಯಾದರೆ ಕಾಗೆ ಬರುತ್ತದೆ. ಇದು ನಮ್ಮಲ್ಲಿಯ ಪದ್ಧತಿ. ಯಾವ ಕಾಲೇಜಿನ ಪರೀಕ್ಷೆಯೂ ಇಷ್ಟು ಕಠಿಣವಲ್ಲ. ಇಲ್ಲಿ ನಪಾಸಾಗುವುದನ್ನು ಬಳಗದವರೆಲ್ಲ ಸಾಲಾಗಿ ನಿಂತು ನೋಡುತ್ತಾರೆ.

ಪರೀಕ್ಷೆಗೆ ಕೂತವರು ನಮ್ಮ ಅಪ್ಪ, ಪ್ರಹ್ಲಾದರಾಯರು. ಆಳಂದದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುತ್ತಾರೆ, ಮನೆಯಲ್ಲಿ ಟಿವಿಯ ರಿಮೋಟನ್ನು ತಿರುವುಮುರುವು ಹಿಡಿಯುತ್ತಾರೆ. ತುಷಾರ ಕಾಕಾ ಅವರ ತಮ್ಮ, ಅಫಜಲಪುರದಲ್ಲಿ ವಕೀಲ, ಮದುವೆಯ ಗೋಜಿಗೆ ಹೋಗದವನು. ಕೋರ್ಟಿನ ಹೊರಗೆ ಚಹಾ ಹೇಳಿ ಕೂತವನು ಚಹಾ ಬರುವುದರೊಳಗೆ ಹೋಗಿಬಿಟ್ಟಿದ್ದ.

"ಹೇಳ್ರಿ, ಇನ್ನೇನರೆ ನೆನಪು ಮಾಡ್ಕೊಂಡು ಹೇಳ್ರಿ," ಅಂದರು ಆಚಾರ್ಯರು. ಅವರಿಗೆ ಹವಳಗಾದಲ್ಲಿ ಇನ್ನೊಂದು ಹತ್ತನೇ ದಿನ ಕಾದಿತ್ತು.

ಅಪ್ಪ ಬೋಳಿಸಿದ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂಗಿದರು: "ನಿನ್ನ ಕಾಯಿದೆ ಪುಸ್ತಕ ರದ್ದಿಗೆ ಹಾಕಂಗಿಲ್ಲೋ! ಬುಲೆಟ್ ಗಾಡಿ ಮಾರಂಗಿಲ್ಲೋ!"

ಕಾಗೆಗಳು ಬುಲೆಟ್ಟಿಗೆ ಬಗ್ಗಲಿಲ್ಲ.

ಜೇವರ್ಗಿಯಿಂದ ಬಂದಿದ್ದ ನೀತಾ ಅತ್ಯಾ ಮುಂದೆ ಬಂದಳು. ಅವಳು ಅಪ್ಪನಿಗೂ ಕಾಕಾನಿಗೂ ನಡುವಿನವಳು. "ತುಷ್ಯಾ, ಅವ್ವನ್ನ ನಾ ನಮ್ಮಲ್ಲಿಗೆ ಕರ್ಕೊಂಡು ಹೋಗ್ತೇನೋ! ಕಡೀತನಕ ನೋಡ್ಕೋತೇನೋ!"

ಹತ್ತಿರ ಬಂದಿದ್ದ ಒಂದೇ ಒಂದು ಕಾಗೆಯೂ ಹಿಂದಕ್ಕೆ ಹಾರಿತು.

"ಅವಗ ಗೊತ್ತದ," ಅಂದಳು ನಮ್ಮಮ್ಮ ಅಮಿತಾ, ಮೆಲ್ಲಗೆ, ಎಲ್ಲರಿಗೂ ಕೇಳಿಸುವಷ್ಟೇ ಮೆಲ್ಲಗೆ.

"ಇನ್ನ ಆಗಂಗಿಲ್ರಿ. ದರ್ಭಿ ಕಾಗಿ ಮಾಡಿ ಮುಟ್ಟಸ್ತೇನಿ. ಅದೂ ಶಾಸ್ತ್ರದಾಗ ಅದ," ಎಂದು ಆಚಾರ್ಯರು ದರ್ಭೆಯ ಕಟ್ಟು ಬಿಚ್ಚತೊಡಗಿದರು. ಬಳಗದಲ್ಲಿ ಗುಜುಗುಜು ಎದ್ದಿತು. ದರ್ಭೆಯ ಕಾಗೆ ಎಂದರೆ ಸತ್ತವನು ಸಿಟ್ಟಿನಲ್ಲೇ ಹೋದ ಎಂದು ಊರಿಗೆಲ್ಲ ಸಾರಿದ ಹಾಗೆ. ಮರದ ಬುಡದಲ್ಲಿ ಕೂತಿದ್ದ ಅಜ್ಜಿ, ಶಾರದಾಬಾಯಿ, ಕಣ್ಣು ಮುಚ್ಚಿಕೊಂಡಳು.

ಅದನ್ನು ಕಂಡು ನೀತಾ ಅತ್ಯಾನಿಗೆ ತಡೆಯಲಿಲ್ಲ. "ಅಣ್ಣಾ, ಅವನ ಆಟ ಮುಗಸ್ಲಿಕ್ಕೆ ಬಿಡಲಿಲ್ಲಲ್ಲೋ ನೀ! ಅದನ್ನ ಹೇಳೋ!"

ಇದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಕಥೆ. ಕಾಕಾ ಹೈಸ್ಕೂಲಿನಲ್ಲಿದ್ದಾಗ ದೀಪಾವಳಿ ಸೂಟಿಯಲ್ಲಿ ಒಂದು ವಿಡಿಯೋ ಗೇಮ್ ಸೆಟ್ಟನ್ನು ಬಾಡಿಗೆಗೆ ತಂದಿದ್ದ. ಊಟ ನೀರು ಬಿಟ್ಟು ಟ್ಯಾಂಕಿನ ಆಟದ ಕೊನೆಯ ಹಂತಕ್ಕೆ ಬಂದು ಕೂತಿದ್ದಾಗ ಅಪ್ಪ ಪ್ಯಾಂಟಿಗೆ ಇಸ್ತ್ರಿ ಹಾಕಬೇಕೆಂದು ಅದರ ವಾಯರ್ ಕಿತ್ತು ಇಸ್ತ್ರಿಪೆಟ್ಟಿಗೆಯ ವಾಯರ್ ಚುಚ್ಚಿದ್ದರು. ಆ ಸೆಟ್ಟಿಗೆ ನೆನಪೆಂಬುದು ಇರಲಿಲ್ಲ. ಕರೆಂಟು ಹೋದರೆ ಆಡಿದ್ದೆಲ್ಲ ಹೋಯಿತು. ನೆನಪಿಟ್ಟುಕೊಳ್ಳುವ ಕೆಲಸವನ್ನು ಕಾಕಾನೇ ಮಾಡಿದ. ಮದುವೆ, ಮುಂಜಿವೆ, ಸತ್ಯನಾರಾಯಣ ಪೂಜೆ, ಎಲ್ಲಿ ನಾಲ್ಕು ಮಂದಿ ಸೇರಿದರೂ ಅಲ್ಲಿ ಈ ಮೊಕದ್ದಮೆ ಹೂಡುತ್ತಿದ್ದ: "ಅಣ್ಣಾ ವಾಯರ್ ಕೀಳದಿದ್ರ ನಾ ಆ ಆಟ ಮುಗಿಸೇ ಬಿಡ್ತಿದ್ದೆ." ಅಪ್ಪ ಪ್ರತಿಸಲವೂ ತಪ್ಪಿತಸ್ಥನಂತೆ ನಗುತ್ತಿದ್ದರು.

ಈಗ ಅಪ್ಪ ಎರಡೂ ಕೈಯೆತ್ತಿ, ಕಾಲೇಜಿನಲ್ಲಿ ಎಂದೂ ತೆಗೆಯದ ದನಿ ತೆಗೆದು ಕೂಗಿದರು: "ನಿನ್ನ ಟ್ಯಾಂಕಿನ ಆಟ ನಾ ಮುಗಸ್ತೇನೋ ತುಷ್ಯಾ!"

ಕಾಗೆ ಬಂದು ಪಿಂಡ ಮುಟ್ಟಿತು.

ಆ ಕೂಗಿಗೆ ಬೆದರಿ ಕೊಂಬೆಯಿಂದ ಕೆಳಗಿಳಿದಿರಲೂಬಹುದು. ಆದರೆ ಅಂಥ ವಿಚಾರಕ್ಕೆ ಅಲ್ಲಿ ಯಾರಿಗೂ ಪುರಸತ್ತಿರಲಿಲ್ಲ. ಆಚಾರ್ಯರು ಆಗಲೇ ಸ್ಕೂಟರ್ ಚಾಲೂ ಮಾಡಿದ್ದರು. ಅಜ್ಜಿ ಎದ್ದು ಬಂದು ಅಪ್ಪನ ಮುಂದೆ ನಿಂತಳು.

"ಮಾತು ಕೊಟ್ಟಿ ನೀ."

"ಹೌದವ್ವಾ."

"ಅವನ ಆಟ ಮುಗೀಲಿ. ಆಮ್ಯಾಲೆ ನನಗ ಅನ್ನ ನೀಡ್ರಿ."

ಅವಳು ಎಂಬತ್ತರ ಹತ್ತಿರದವಳು, ಸಕ್ಕರೆ ರೋಗದವಳು. ಅಂದಿನಿಂದ ಅರ್ಧ ಬಟ್ಟಲು ಹಾಲಿನ ಮೇಲೆ ಕೂತಳು. ಮರುದಿನ ಬೆಳಿಗ್ಗೆ ಡಾಕ್ಟರು ಮನೆಗೆ ಬಂದು, ಬೆರಳು ಚುಚ್ಚಿ ನೋಡಿ, ಅಪ್ಪನನ್ನು ಹೊರಗೆ ಕರೆದರು.

"ಊಟ ಇಲ್ಲ, ಗುಳಿಗಿ ನಡದದ. ಹಿಂಗಾದ್ರ ಸರ್, ನೀವು ಸಂಗಮಕ್ಕ ಮತ್ತೊಂದು ಸಲ ಹೋಗಬೇಕಾಗ್ತದ."

"ಯಾವ ಆಟಾನೋ ಏನೋ, ಮುಗೀತು ಅಂತ ಸುಳ್ಳ ಹೇಳಿ ಬಿಡ್ರಿ," ಅಂದಳು ಅಮ್ಮ.

"ಸತ್ತವನ ಮುಂದ ಸುಳ್ಳ ಹೇಳ್ಲೇನು?" ಅಂದರು ಅಪ್ಪ. ಬದುಕಿದ್ದವರ ಮುಂದೆ ಹೇಳಿ ಹೇಳಿ ಸಿಕ್ಕಿಬಿದ್ದ ಅನುಭವ ಅವರಿಗಿತ್ತು.

ಹದಿಮೂರನೇ ದಿನ ಮನೆಯಲ್ಲಿ ಸಮಾರಾಧನೆಯ ಊಟ. ಅಷ್ಟರಲ್ಲಿ ಆಟ ಮುಗಿಯಬೇಕು. ಅಪ್ಪ ಬೋಳುತಲೆಯಲ್ಲೇ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಲ್ಕಪ್ಪನ ಅಂಗಡಿಗೆ ಹೊರಟರು. ಒಂದು ಕಾಲದಲ್ಲಿ ವಿಡಿಯೋ ಗೇಮ್ ಬಾಡಿಗೆಗೆ ಕೊಡುತ್ತಿದ್ದ ಮಲ್ಕಪ್ಪ ಈಗ ಫ್ಯಾನು, ಮಿಕ್ಸರು ರಿಪೇರಿ ಮಾಡುತ್ತಾನೆ. ಅಪ್ಪನನ್ನು ಕಂಡು ಎದ್ದು ಕೈ ಮುಗಿದ.

"ಭಾಳ ಕೆಟ್ಟದ್ದಾತ್ರಿ ಸರ್. ವಕೀಲ್ರು ಅಂದ್ರ ಬಂಗಾರದಂಥ ಮನಷ್ಯಾ."

"ಮಲ್ಕಪ್ಪ, ಆ ಟ್ಯಾಂಕಿನ ಆಟದ ಸೆಟ್ ಅದ ಏನು?"

ಮಲ್ಕಪ್ಪ ಅವರ ಮುಖವನ್ನೇ ನೋಡಿದ. "ಕೂಡ್ರಿ ಸರ್. ಮೊದಲ ನೀರು ಕುಡೀರಿ."

"ಮೈಲಿಗಿ ಅದ, ಒಳಗ ಬರಂಗಿಲ್ಲ. ನನಗ ವಿಡಿಯೋ ಗೇಮ್ ಬೇಕು."

"ದುಃಖದಾಗ ಹಿಂಗಾಗ್ತದ್ರಿ. ನಮ್ಮ ಮಾವ ಸತ್ತಾಗ ನಮ್ಮತ್ತಿ ಒಂದು ವಾರ ರೇಡಿಯೋ ಜೋಡಿ ಜಗಳಾಡಿದ್ಲು. ಆಮ್ಯಾಲೆ ತಾನ ಸುಧಾರಿಸಿದ್ಲು."

ಕಾಗೆಯ ವಿಷಯ ಕೇಳಿದ ಮೇಲೆ ಮಾತ್ರ ಮಲ್ಕಪ್ಪ ಮರು ಮಾತಾಡದೆ ಅಟ್ಟ ಹತ್ತಿದ. ಕಾಗೆ ಒಪ್ಪಿದ ಮೇಲೆ ಯಾವ ಆಟವೂ ಹುಚ್ಚಲ್ಲ. ಬಿಳಿ ಹೋಗಿ ಹಳದಿಯಾಗಿದ್ದ ಸೆಟ್ಟು ಹುಡುಕಿ ತಂದು, ಒಳಗಿದ್ದ ಹಲ್ಲಿಯನ್ನು ಜಾಡಿಸಿ ಕೊಟ್ಟ. ಆದರೆ ಕ್ಯಾಸೆಟ್ ಇರಲಿಲ್ಲ. ಅವನ್ನೆಲ್ಲ ಅಫಜಲಪುರದ ಬಸ್‌ಸ್ಟ್ಯಾಂಡಿನ ನಜಮುನ್ನಿಸಾಳ ಗಂಡನಿಗೆ ಕೊಟ್ಟಿದ್ದನಂತೆ. ಆತ ಅಲ್ಲಿ ವಿಡಿಯೋ ಗೇಮಿನ ಕೋಣೆ ನಡೆಸುತ್ತಿದ್ದ.

ಜಪಾನಿನಲ್ಲಿ ಹುಟ್ಟಿದ ಆಟ ಅದು. ಅದನ್ನು ಯಾರೋ ನಕಲು ಮಾಡಿ, ಆ ನಕಲನ್ನು ಮತ್ಯಾರೋ ನಕಲು ಮಾಡಿ, ಸೊಲ್ಲಾಪುರದ ಮಾರ್ಗವಾಗಿ ಗಡಿಯ ಖಜೂರಿ ದಾಟುವ ಟ್ರಕ್ಕುಗಳಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ನಮ್ಮ ಕಡೆ ಬಂದಿಳಿದಿತ್ತು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ನಾಲ್ಕೋ ಐದೋ. ಅವುಗಳಲ್ಲಿ ಟ್ಯಾಂಕಿನದೇ ರಾಜ. ಪರದೆಯ ಬುಡದಲ್ಲಿ ಇಟ್ಟಂಗಿಯ ಪುಟ್ಟ ಗೋಡೆ, ಗೋಡೆಯೊಳಗೆ ಒಂದು ಹಕ್ಕಿ. ಮೇಲಿನಿಂದ ವೈರಿಯ ಟ್ಯಾಂಕುಗಳು ಇಳಿಯುತ್ತವೆ. ನಿನ್ನ ಟ್ಯಾಂಕಿನಿಂದ ಅವನ್ನೆಲ್ಲ ಹೊಡೆದು ಹಕ್ಕಿಯನ್ನು ಉಳಿಸಬೇಕು. ಹಕ್ಕಿ ಸತ್ತರೆ ಆಟ ಹೋಯಿತು. ವೈರಿಯ ಗುಂಡೇ ಬೇಕೆಂದಿಲ್ಲ, ನಿನ್ನ ಗುಂಡು ತಾಗಿದರೂ ಸಾಯುತ್ತದೆ.

ನಜಮುನ್ನಿಸಾ ಈಗ ಅದೇ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಗಂಡ ಹೋಗಿ ಬಹಳ ವರ್ಷವಾಯಿತು. ಬಸ್ಸಿಳಿದು ಬಂದ ಅಪ್ಪನಿಂದ ಸುದ್ದಿ ಕೇಳಿ ಹೊಲಿಗೆ ನಿಲ್ಲಿಸಿದಳು.

"ಯಾ ಅಲ್ಲಾ. ಮೊನ್ನೆ ಮೊನ್ನೆ ವಕೀಲ್ ಸಾಬ್ರು ಬಂದು ಕರೀ ಕೋಟಿಗಿ ಗುಂಡಿ ಹಚ್ಚಸ್ಕೊಂಡು ಹೋಗಿದ್ರು. ಚಿಲ್ಲರ ಇಲ್ಲ, ನಾಳಿ ಕೊಡ್ತೇನಿ ಅಂದಿದ್ರು." ಅಪ್ಪ ಕಿಸೆಗೆ ಕೈ ಹಾಕಿದ್ದನ್ನು ಕಂಡು ಸಿಟ್ಟಾದಳು. "ಹೇ ತಗೀರಿ ಕೈ! ಕೇಳ್ಲಿಕ್ಕೆ ಹೇಳಿದೆ ಏನ್ ನಾ?"

ಬಿಸ್ಕಿಟಿನ ಡಬ್ಬಿಯೊಂದರಲ್ಲಿ ಹುಕ್ಕು, ಗುಂಡಿಗಳ ಕೆಳಗೆ ಕ್ಯಾಸೆಟ್ಟುಗಳು ಸಿಕ್ಕವು. ಚೀಟಿಗಳನ್ನು ಇಲಿ ತಿಂದಿತ್ತು. ಟ್ಯಾಂಕು ಯಾವುದು, ಗೊತ್ತಾಗುವಂತಿರಲಿಲ್ಲ. ಕ್ಯಾಸೆಟ್ ನಡೆಯಬೇಕಾದರೆ ಅದರ ಬಾಯಿಗೆ ಊದಬೇಕು ಎನ್ನುವುದೊಂದು ಅಪ್ಪನಿಗೆ ನೆನಪಿತ್ತು. ಮೈಲಿಗೆಯೆಂದು ಒಳಗೆ ಹೋಗದೆ, ಅಂಗಡಿಯ ಮೆಟ್ಟಿಲ ಮೇಲೇ ಕೂತು ಒಂದೊಂದನ್ನೇ ಬಾಯಿಗಿಟ್ಟು ಊದತೊಡಗಿದರು. ಬಸ್ಸಿಗೆ ಕಾದಿದ್ದ ಮಂದಿ ಸುತ್ತ ನೆರೆದರು.

"ಏನಾಗ್ಯದ್ರಿ ಇವರಿಗಿ? ದಮ್ಮೇನು?"

"ದಮ್ಮಲ್ಲೋ. ತಮ್ಮ ಸತ್ತಾನಂತ. ಗೇಮ್ ಆಡಿ."

"ಗೇಮ್ ಆಡಿ? ಅಯ್ಯಯ್ಯೋ! ಮೊಬೈಲಿನಾಗಿಂದೇನು?"

ಅಪ್ಪ ಡಬ್ಬಿ ಹಿಡಿದು ಆಳಂದಕ್ಕೆ ಬಂದಿಳಿಯುವುದರೊಳಗೆ ಈ ಮಾತು ಅವರಿಗಿಂತ ಮೊದಲಿನ ಬಸ್ಸಿಗೇ ಬಂದು ಇಳಿದಿತ್ತು. ವಕೀಲ ಮೊಬೈಲ್ ಜೂಜಿನಲ್ಲಿ ಮನೆ ಮಾರಾಟಕ್ಕೆ ಇಟ್ಟಿದ್ದ, ಅದಕ್ಕೇ ಪ್ರಾಣ ಕಳಕೊಂಡ, ಚಹಾದ ಕಥೆ ಬರೀ ಮುಚ್ಚುಮರೆ ಎಂದು ಓಣಿಯ ತೀರ್ಮಾನ. ಎದುರು ಮನೆಯ ವಿಜಯಶ್ರೀ ತನ್ನ ಮಕ್ಕಳ ಮೊಬೈಲು ಕಸಿದು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟು, ನಂತರ ಸಮಾಧಾನ ಹೇಳಲು ಬಂದಳು.

"ಹೋಗ್ಲಿ ಬಿಡ್ರಿ ವೈನಿ," ಅಂದಳು ಅಮ್ಮನಿಗೆ, "ಯಾರ ಮನಿಯೊಳಗ ಇಲ್ಲ? ನೀವು ಮುಚ್ಚಿಟ್ರೂ ನಾ ಯಾರಿಗೂ ಹೇಳಿಲ್ಲ."

ಮರುದಿನ ಹೆಡ್ ಕಾನ್‌ಸ್ಟೇಬಲ್ ಅಮೋಘಸಿದ್ದ ಬಂದ. ಬಾಗಿಲಲ್ಲೇ ಟೊಪ್ಪಿಗೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ.

"ತಪ್ಪು ತಿಳೀಬ್ಯಾಡ್ರಿ ಸರ್, ಊರಾಗ ಮಾತು ನಡದದ, ಕೇಳಬೇಕಾಗ್ತದ. ಯಾವ ಆ್ಯಪ್ರಿ? ರಮ್ಮಿಯೋ, ಕ್ರಿಕೆಟ್ಟೋ?"

"ಟ್ಯಾಂಕ್," ಅಂದರು ಅಪ್ಪ.

"ಟ್ಯಾಂಕ್ ಅಂಬೋದು ನಾ ಕೇಳಿಲ್ಲಲ್ರಿ. ಹೊಸಾದೇನು? ಎಷ್ಟು ದಿನದ ಚಟ?"

"ಹೈಸ್ಕೂಲಿನಾಗಿಂದ."

"ಹೈಸ್ಕೂಲಿನಾಗಿಂದ! ಕಡೀ ಸಲ ಯಾವಾಗ ಆಡಿದ್ರು?"

"ಅವನ ಮೀಸಿ ಬರೋಕಿಂತ ಮೊದಲ."

ಅಮೋಘಸಿದ್ದನ ಪೆನ್ನು ಅಲ್ಲೇ ನಿಂತಿತು. ಅಪ್ಪ ಸಾಕ್ಷ್ಯವೆಂದು ಹಳದಿ ಸೆಟ್ಟನ್ನು ತಂದು ಮುಂದಿಟ್ಟರು. ಅವನು ಅದನ್ನು ನೋಡಿದ, ಬಾಗಿಲ ಕಡೆ ನೋಡಿದ, ಮತ್ತೆ ಅದನ್ನು ನೋಡಿದ. ಮುಖದಲ್ಲಿದ್ದ ಇಲಾಖೆ ಇಳಿದುಹೋಯಿತು.

"ಅಯ್ಯ! ಇಂಥಾದ್ದ ನಮ್ಮ ಅಫಜಲಪುರ ಬಸ್‌ಸ್ಟ್ಯಾಂಡಿನಾಗ ಇತ್ತು! ಇದರ ಸಲುವಾಗಿ ನಮ್ಮಪ್ಪ ನನ್ನ ಬೆನ್ನ ಮ್ಯಾಲ ಬಾರಕೋಲು ಮುರದಾನ್ರಿ! ಕೇಸೇನಿಲ್ಲ ಬಿಡ್ರಿ ಸರ್. ಯಾವಾಗ ಆಡ್ತೀರಿ?"

ಸೆಟ್ಟು ಬಂತು, ಕ್ಯಾಸೆಟ್ ಬಂತು. ಗೋಡೆಯ ಮೇಲಿನ ತೆಳ್ಳನೆಯ ಹೊಸ ಟಿವಿಗೆ ಆ ಹಳೆಯ ಪಿನ್ನು ಕೂಡಲಿಲ್ಲ. ದಪ್ಪ ಬೆನ್ನಿನ ಹಳೆಯ ಟಿವಿ ಬೇಕೆಂದು ಜೇವರ್ಗಿಗೆ ಫೋನು ಹೋಯಿತು. ನೀತಾ ಅತ್ಯಾ ತನ್ನ ಹಳೆಯ ಟಿವಿಯ ಮೇಲೆ ಉಪ್ಪಿನಕಾಯಿ ಭರಣಿ ಇಡುತ್ತಿದ್ದಳು. ಭರಣಿ ಇಳಿಸಿ, ಮಗ ಅನೂಪನ ತೊಡೆಯ ಮೇಲೆ ಟಿವಿ ಕೂಡ್ರಿಸಿಕೊಂಡು ಹದಿಮೂರನೇ ದಿನ ಬೆಳಿಗ್ಗೆ ಬಂದಿಳಿದಳು.

"ತಗೋ. ಅವ್ವಗ ಏನರೆ ಆದ್ರ ಮಾತ್ರ ನೀತಾನ ಟಿವಿಯಿಂದ ಅಂತ ಯಾರೂ ಅನಬ್ಯಾಡ್ರಿ."

ಅಜ್ಜಿ ಆ ಹೊತ್ತಿಗೆ ಗೋಡೆಗೆ ಒರಗಿಯೇ ಕೂಡುತ್ತಿದ್ದಳು. ಕರೆದರೆ ಸ್ವಲ್ಪ ತಡವಾಗಿ ತಿರುಗುತ್ತಿದ್ದಳು. ಡಾಕ್ಟರು ಬೆಳಿಗ್ಗೆಯೇ ಬಂದು, ಸಂಜೆಯವರೆಗೆ ನೋಡಿ ಕಲಬುರಗಿಗೆ ಒಯ್ಯಿರಿ ಎಂದು ಹೇಳಿ ಹೋಗಿದ್ದರು.

ಹಿತ್ತಲಲ್ಲಿ ಅಡುಗೆ ಮುಗಿದಿತ್ತು. ಬಳಗದವರು ಕೈಕಾಲು ತೊಳೆದು ಕೂತಿದ್ದರು. ಸತ್ತವನ ತಾಯಿ ಉಪವಾಸವಿದ್ದಾಗ ಎಲೆಯ ಮುಂದೆ ಕೂಡಲು ಯಾರಿಗೂ ಧೈರ್ಯವಿಲ್ಲ. ಆದ್ದರಿಂದ ಹಸಿದವರೆಲ್ಲ ಪಡಸಾಲೆಗೆ ಬಂದು ಟಿವಿಯ ಸುತ್ತ ನಿಂತರು. ಇಷ್ಟು ಶ್ರದ್ಧೆಯಿಂದ ನಮ್ಮ ಬಳಗ ಯಾವ ಕೀರ್ತನೆಯನ್ನೂ ಕೇಳಿರಲಿಲ್ಲ.

ಒಂದೊಂದೇ ಕ್ಯಾಸೆಟ್ ಹಾಕಿ ನೋಡಿದಾಗ ಟ್ಯಾಂಕು ಕಂಡಿತು. ಅಪ್ಪ ಗುಂಡಿ ಒತ್ತಿದರು. ಮೊದಲ ಗುಂಡಿಗೇ ತಮ್ಮ ಗೋಡೆ ಒಡೆದರು, ಎರಡನೆಯದಕ್ಕೆ ತಮ್ಮ ಹಕ್ಕಿಯನ್ನೇ ಕೊಂದರು. ಮತ್ತೆ ಶುರು ಮಾಡಿ, ಮತ್ತೆ ಕೊಂದರು.

"ಅದ ಯಾರು ಗೋಡಿಯೊಳಗ ಕೂತದ್ದು?" ಅಂದಳು ಅಜ್ಜಿ.

"ಹಕ್ಕಿ ಅವ್ವಾ. ಅದನ್ನ ಉಳಸಬೇಕು."

ಅಜ್ಜಿ ಬಹಳ ಹೊತ್ತು ನೋಡಿದಳು. "ಹಕ್ಕಿ ಅಲ್ಲ. ತುಷ್ಯಾ."

ಅಪ್ಪ ಅವಳ ಕಡೆ ತಿರುಗಿದರು, ಗುಂಡು ಹಾರಿತು, ಹಕ್ಕಿ ಸತ್ತಿತು.

"ತಮ್ಮನ್ನ ನೀನ ಹೊಡೀಲಿಕತ್ತೀಯಲ್ಲೋ!" ಎಂದು ಅಜ್ಜಿ ಚೀರಿದಳು. ಆ ದನಿ ಎಲ್ಲಿತ್ತೋ, ಮೂರು ದಿನದಿಂದ ಹಾಲು ಕುಡಿದ ಬಾಯಲ್ಲಿ!

"ಸರ್, ಗೋಡಿ ಕಡೆ ಮಾರಿ ಮಾಡಬ್ಯಾಡ್ರಿ! ಮ್ಯಾಲಕ್ಕ, ಮ್ಯಾಲಕ್ಕ!" ಎಂದು ಅಮೋಘಸಿದ್ದ ಬಾಗಿಲಿನಿಂದ ಒದರಿದ.

"ಇವರಿಂದ ಆಗಂಗಿಲ್ರಿ," ಅಂದಳು ಅಮ್ಮ. "ಆಚಾರ್ರ, ಬ್ಯಾರೇದವರು ಆಡಿದ್ರ ನಡೀತದೇನು?"

ಆಚಾರ್ಯರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ವಿಚಾರ ಮಾಡಿದರು. ಶಾಸ್ತ್ರ, ಹಸಿವು ಎರಡೂ ಕೂಡಿದಾಗ ಸಿಗುವಂಥ ತೀರ್ಪು ಸಿಕ್ಕಿತು. "ಎರಡು ಗುಂಡಿಪೆಟ್ಟಿಗಿಯೊಳಗ ಕರ್ತೃ ಒಂದು ಹಿಡೀಲಿ. ಇನ್ನೊಂದನ್ನ ಬ್ಯಾರೇದವರು ಹಿಡೀಬಹುದು. ಮೊಳಕೈ ಮೊಳಕೈ ಮುಟ್ಟಿರಬೇಕು. ಹೋಮದಾಗೂ ಹಂಗ ಮಾಡ್ತೇವಿ."

ಅಮೋಘಸಿದ್ದ ಚರ್ಮದ ಬೆಲ್ಟು ಬಿಚ್ಚಿ ಹೊರಗಿಟ್ಟು, ಕಾಲು ತೊಳೆದು ಬಂದು ಅಪ್ಪನ ಪಕ್ಕ ಕೂತು ಮೊಳಕೈ ತಾಗಿಸಿದ.

ಮೊಬೈಲು ನೋಡುತ್ತಿದ್ದ ಅನೂಪ ತಲೆಯೆತ್ತಿದ. "ಮಾಮಾ, ಎಲ್ಲಾ ಆಡೋದು ಬ್ಯಾಡ. ಶುರುವಿಗೆ ಈ ಗುಂಡಿ ಒತ್ತಿದ್ರ ಬೇಕಾದ ಹಂತ ಸಿಗ್ತದಂತ. ಸೀದಾ ಕಡೀದಕ್ಕ ಹೋಗಬಹುದು."

"ಅದು ಮೋಸ ಅಲ್ಲೇನೋ?" ಅಂದರು ಅಪ್ಪ.

"ಮೋಸ ಹ್ಯಾಂಗ? ತುಷಾರ ಮಾಮಾ ನಿಂತದ್ದ ಕಡೀದ್ರಾಗ. ಬಿಟ್ಟಲ್ಲಿಂದ ಆಡೋದು."

"ಸಂಕ್ಷಿಪ್ತ ವಿಧಿ," ಎಂದರು ಆಚಾರ್ಯರು, ಬಹಳ ಬೇಗ.

ಕೊನೆಯ ಹಂತ ತೆರೆಯಿತು. ವೈರಿಯ ಟ್ಯಾಂಕುಗಳು ಮಿಡತೆಯ ಹಾಗೆ ಇಳಿದವು. ಅಮೋಘಸಿದ್ದ ಮೇಲೆ ನುಗ್ಗಿ ಹೊಡೆದ. ಅಪ್ಪನಿಗೆ ಒಂದೇ ಕೆಲಸ ಕೊಟ್ಟಿದ್ದರು: ಹಕ್ಕಿಯ ಪಕ್ಕ ನಿಲ್ಲುವುದು, ಗುಂಡಿ ಮುಟ್ಟದಿರುವುದು. ಹಲವು ಸಲ ಹಕ್ಕಿ ಸತ್ತಿತು. ಪ್ರತಿಸಲವೂ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು, ಬಳಗದವರು ಹಿತ್ತಲ ಕಡೆ ನೋಡಿದರು. ಎಲೆ ಒಣಗಿದವು, ಅಮ್ಮ ನೀರು ಚಿಮುಕಿಸಿ ಬಂದಳು. ಕೊನೆಗೊಮ್ಮೆ ಅಪ್ಪನ ಟ್ಯಾಂಕು ಅಲುಗದೆ, ಹಕ್ಕಿಗೆ ಅಡ್ಡವಾಗಿ, ಮೂಕನಂತೆ ನಿಂತೇ ಇತ್ತು. ಅಮೋಘಸಿದ್ದ ಕಟ್ಟಕಡೆಯ ವೈರಿಯನ್ನು ಮೂಲೆಗೆ ಒತ್ತಿ ಹೊಡೆದ.

"ಮುಗೀತ್ರಿ!" ಎಂದು ಎದ್ದು ನಿಂತು ಸೆಲ್ಯೂಟ್ ಹೊಡೆದ. ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಶ್ರಾದ್ಧದ ಮನೆ ಎಂದು ನೆನಪಾಗಿ ಅರ್ಧಕ್ಕೇ ನಿಂತಿತು.

ಪರದೆಯ ಮೇಲೆ ಲೆಕ್ಕ ಬಂತು, ಹೋಯಿತು. ಕಪ್ಪಾಯಿತು. ಮತ್ತೆ ಬೆಳಕಾಯಿತು. ಇಟ್ಟಂಗಿ ಗೋಡೆ, ಒಳಗೆ ಹಕ್ಕಿ, ಮೇಲಿನಿಂದ ಟ್ಯಾಂಕು. ಮೊದಲನೇ ಹಂತ.

"ಇದೇನಿದು?" ಅಂದರು ಅಪ್ಪ.

ಅನೂಪ ಮೊಬೈಲಿನಲ್ಲಿ ಇನ್ನೂ ಕೆಳಗೆ ಓದಿದ. ಅವನ ಕಿವಿ ಕೆಂಪಾದವು. "ಮಾಮಾ... ಇದು ಮುಗಿಯೋ ಆಟ ಅಲ್ಲಂತ. ಕಡೀದು ಗೆದ್ರ ಮತ್ತ ಮೊದಲಿಂದ ಬರ್ತದಂತ. ಯಾರು ಆಡಿದ್ರೂ ಹಂಗೇ ಅಂತ."

ಆಚಾರ್ಯರು ಗೋಡೆಗೆ ಒರಗಿದರು. ಅಪ್ಪ ಗುಂಡಿಪೆಟ್ಟಿಗೆಯನ್ನು ಹಿಡಿದುಕೊಂಡೇ ಅಜ್ಜಿಯ ಕಡೆ ತಿರುಗಿದರು. ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದು ಸಾಧ್ಯವಿರಲಿಲ್ಲ. ಅಪ್ಪ ಅದನ್ನೂ ತಪ್ಪಿಸಿಕೊಂಡರು.

"ಅವ್ವಾ, ಇದು ಮುಗಿಯಂಗಿಲ್ಲಂತ."

"ಯಾರಿಗೂ?"

"ಯಾರಿಗೂ."

ಅಜ್ಜಿ ಪರದೆಯನ್ನು ನೋಡುತ್ತ ಕೂತಳು. "ಹಂಗಾದ್ರ ಅವ ಹ್ಯಾಂಗ ಮುಗಸ್ತಿದ್ದ?"

ಅನೂಪ ಮೊಬೈಲನ್ನು ಕಿಸೆಗೆ ಹಾಕಿಕೊಂಡ.

"ಇಷ್ಟು ವರ್ಷ ಮಂದಿ ಮುಂದ ನಿನ್ನ ಮಾರಿ ಕೆಳಗ ಮಾಡಿಸ್ದ. ಅಣ್ಣ ಬಿಡಲಿಲ್ಲ, ಅಣ್ಣ ಬಿಡಲಿಲ್ಲ ಅಂತ. ಮುಗಿಯದ ಆಟಕ್ಕ! ಅವಗ ಗೊತ್ತಿರ್ಲಿಲ್ಲೇನು? ವಕೀಲ ಅವ. ಎಲ್ಲಾ ಗೊತ್ತಿತ್ತು." ಗೋಡೆ ಹಿಡಿದು ಎದ್ದಳು. ನೀತಾ ಅತ್ಯಾ ಹಿಡಿಯಲು ಹೋದರೆ ಕೈ ಜಾಡಿಸಿದಳು. "ಖೋಡಿ ಎಲ್ಲೀಂದು! ಸತ್ತ ಮ್ಯಾಲೂ ನನ್ನ ಉಪಾಸ ಕೂಡಿಸಿದ. ಅಮಿತಾ, ಎಲಿ ಹಾಕು. ನಾ ಉಣ್ತೇನಿ."

ಸಮಾರಾಧನೆಗೆ ಅಷ್ಟು ಅವಸರದಲ್ಲಿ ಎಲೆ ಬಿದ್ದದ್ದನ್ನು ಆಳಂದ ಕಂಡಿರಲಿಕ್ಕಿಲ್ಲ. ಅಜ್ಜಿ ಸಿಟ್ಟಿನಲ್ಲೇ ಅನ್ನ ಕಲಸಿದಳು, ಸಿಟ್ಟಿನಲ್ಲೇ ತುತ್ತು ನುಂಗಿದಳು, ಎರಡನೇ ಸಲ ಸಾರು ಕೇಳಿದಳು. ಬಳಗದವರು ತಲೆಯೆತ್ತದೆ ಉಂಡರು. ಅಮೋಘಸಿದ್ದನಿಗೂ ಎಲೆ ಬಿತ್ತು.

ಒಂದು ಎಲೆ ಖಾಲಿ ಇತ್ತು. ಪಡಸಾಲೆಯಿಂದ ಟ್ಯಾಂಕಿನ ಗುರ್ರೆಂಬ ಸಪ್ಪಳ ಬರುತ್ತಲೇ ಇತ್ತು.

"ಪ್ರಹ್ಲಾದ, ಬಾರೋ ಊಟಕ್ಕ," ಎಂದು ಅಜ್ಜಿ ಕೂಗಿದಳು.

ಅಪ್ಪ ಒಬ್ಬರೇ ಟಿವಿಯ ಮುಂದೆ ಕೂತಿದ್ದರು. ಬೋಳುತಲೆಯ ಮೇಲೆ ಪರದೆಯ ಬೆಳಕು ಹಾರುತ್ತಿತ್ತು. ಅವರ ಟ್ಯಾಂಕು ಗೋಡೆಗೆ ಅಡ್ಡವಾಗಿ ನಿಂತಿತ್ತು.

"ಹ್ಯಾಂಗ ಬರಲೆವ್ವಾ? ನಾ ಎದ್ರ ಇವ ಸಾಯ್ತಾನ."

ಅಜ್ಜಿಯ ಕೈ ಎಲೆಯ ಮೇಲೆ ನಿಂತಿತು. ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ಅವ ಸತ್ತಾನೋ ಪ್ರಹ್ಲಾದ," ಅಂದಳು. "ಏಳು. ಅನ್ನ ಆರಾಕತ್ತದ."